ಕಾಲದ ತಲೆಗೆ ಕಟ್ಟಬಾರದ್ದು

ಹುಟ್ಟಿದ್ದು ಸಾಯುತ್ತದೆ, ಕಟ್ಟಿದ್ದು ಬೀಳುತ್ತದೆ. ಇಷ್ಟು ಮನಸ್ಸಿಗೆ ಹತ್ತಿದರೆ ಅರ್ಧ ದುಃಖ ಕಳೆದಂತೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಸುಳ್ಳಲ್ಲ. ಆದರೆ ಒಂದು ಊರು ಅಳಿದ ಬಗೆಯನ್ನು ಹತ್ತಿರದಿಂದ ನೋಡಿದರೆ, ಈ ಸಮಾಧಾನದಿಂದ ಯಾರಿಗೆ ಅನುಕೂಲ ಎಂಬ ಪ್ರಶ್ನೆ ಏಳುತ್ತದೆ.

ಅಮೆರಿಕದ ಲಾಸ್ ಏಂಜಲೀಸ್ ನಗರದ ನಡುಭಾಗದಲ್ಲಿ ಹಿಂದೆ ಯಾಂಗಾ ಎಂಬ ಊರಿತ್ತು. ಟೋಂಗ್ವಾ ಜನರ ಊರು. ನದಿಯ ಹತ್ತಿರ, ಒಂದು ಹೆಮ್ಮರದ ಆಸುಪಾಸಿನಲ್ಲಿ ಅವರ ವಾಸ. ವಿಲೋ ಗಳುಗಳನ್ನು ಬಾಗಿಸಿ, ಮೇಲೆ ಜೊಂಡು ಹೊದಿಸಿದ ಗುಂಡನೆಯ ಮನೆಗಳು. ಓಕ್ ಮರದ ಕಾಯಿ ಕುಟ್ಟಿ, ನೀರು ಹೊಯ್ದು ಹೊಯ್ದು ಕಹಿ ತೆಗೆದು ಗಂಜಿ ಕಾಯಿಸುತ್ತಿದ್ದರು. ಜೊಂಡಿನ ಮನೆ ಬಹುಕಾಲ ಬಾಳದು. ಹಳತಾದರೆ ಹೊಸತು ಕಟ್ಟಬೇಕು. ಅನಿತ್ಯವೆಂದರೇನೆಂದು ಅವರಿಗೆ ಯಾರೂ ಬಂದು ಬೋಧಿಸಬೇಕಾಗಿರಲಿಲ್ಲ. ಮನೆ ಅಳಿಯುತ್ತಿತ್ತು, ಊರು ಉಳಿಯುತ್ತಿತ್ತು.

ಊರು ಅಳಿದದ್ದಕ್ಕೆ ಮಾತ್ರ ಇಸವಿಗಳಿವೆ. 1771ರಲ್ಲಿ ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು ಆ ಸೀಮೆಯಲ್ಲೇ ಸ್ಯಾನ್ ಗೇಬ್ರಿಯಲ್ ಮಿಷನ್ ಎಂಬ ಮತಪ್ರಚಾರ ಕೇಂದ್ರ ತೆರೆದರು. ದೀಕ್ಷಾಸ್ನಾನ ಪಡೆದ ಮೂಲನಿವಾಸಿಗಳು ಅಪ್ಪಣೆಯಿಲ್ಲದೆ ಅಲ್ಲಿಂದ ಹೊರಡುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದೇ ಕೋಣೆಗೆ ತುಂಬಿ ಬೀಗ ಹಾಕುತ್ತಿದ್ದರು. ರೋಗ ಹಬ್ಬಲು ಇನ್ನೇನು ಬೇಕು? ಸುಮಾರು 6,000 ಮೂಲನಿವಾಸಿಗಳು ಆ ಮಿಷನ್ನಿನ ನೆಲದಲ್ಲೇ ಮಣ್ಣಾದರು. 1781ರಲ್ಲಿ 44 ಮಂದಿ ವಲಸಿಗರು ಯಾಂಗಾದ ಮಗ್ಗುಲಲ್ಲೇ ಹೂಡಿದ ಊರೇ ಲಾಸ್ ಏಂಜಲೀಸ್. ಆಮೇಲೆ ಮೆಕ್ಸಿಕೋ ಆಳ್ವಿಕೆ ಬಂತು. 1836ರ ಹೊತ್ತಿಗೆ ಯಾಂಗಾದವರನ್ನು ಎಬ್ಬಿಸಿದರು, 1845ರಲ್ಲಿ ನದಿಯಾಚೆಯ ಕೇರಿಗೆ ಅಟ್ಟಿದರು. ಅಮೆರಿಕದ ಸೇನೆ ನಗರ ಹಿಡಿದ ಮೇಲೆ, 1847ರಲ್ಲಿ, ಆ ಕೇರಿಯನ್ನೂ ನೆಲಸಮ ಮಾಡಿದರು.

ಅಮೆರಿಕದ ಆಳ್ವಿಕೆಯಲ್ಲಿ, 1850ರಿಂದ, ನಗರದಲ್ಲಿ ಹೊಸದೊಂದು ಏರ್ಪಾಟು ಶುರುವಾಯಿತು. ಕುಡಿದ ಅಥವಾ ಅಲೆದಾಡಿದ ಆರೋಪದ ಮೇಲೆ ಮೂಲನಿವಾಸಿಗಳನ್ನು ವಾರದ ಕೊನೆಗೆ ಹಿಡಿಯುವುದು, ಸೋಮವಾರ ಅವರ ಒಂದು ವಾರದ ದುಡಿಮೆಯನ್ನು ಹರಾಜು ಹಾಕುವುದು. ಕೂಲಿಯಾಗಿ ಬಹುಪಾಲು ಬ್ರಾಂದಿ ಕೊಡುತ್ತಿದ್ದರು. ಕುಡಿದರೆ ಮತ್ತೆ ಸೆರೆ, ಮತ್ತೆ ಹರಾಜು.

ಆ ಹೆಮ್ಮರದ ಕಥೆಯೂ ಹೀಗೆಯೇ. ಎಲ್ ಅಲಿಸೋ ಎಂದು ಹೆಸರಾದ ಆ ಸಿಕಮೋರ್ ಸುಮಾರು 400 ವರ್ಷ ಬಾಳಿತ್ತು. ಮೊದಲು ಸುತ್ತ ದ್ರಾಕ್ಷಿ ತೋಟ ಬಂತು, ಆಮೇಲೆ ಬಿಯರ್ ಕಾರ್ಖಾನೆಯ ಕಟ್ಟಡಗಳು ಒತ್ತಿಕೊಂಡು ಬಂದವು. ಉಸಿರುಗಟ್ಟಿ ಒಣಗಿದ ಮರವನ್ನು 1890ರ ದಶಕದಲ್ಲಿ ಕಡಿದುರುಳಿಸಿದರು. ಮರಕ್ಕೆ ವಯಸ್ಸಾಗಿತ್ತು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಕೊಡಲಿ ಹಿಡಿದವರಿಗೆ ಅದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ.

2020ರ ಜುಲೈನಲ್ಲಿ ಅದೇ ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಇಗರ್ಜಿಗೆ ಬೆಂಕಿ ಬಿದ್ದು ಮಾಡು ಸುಟ್ಟುಹೋಯಿತು. ಆಮೇಲೆ ಹೊಸ ಮಾಡು ಹಾಕಿದರು. ಸುಟ್ಟದ್ದು ನೋವಿನ ಸಂಗತಿಯೇ; ಆದರೆ ನೆಲ ಕೈಯಲ್ಲಿರುವವರು ಬಿದ್ದದ್ದನ್ನು ಮತ್ತೆ ಎತ್ತಿ ಕಟ್ಟಬಲ್ಲರು. ಜೊಂಡಿನ ಮನೆಯವರೂ ಹಾಗೆಯೇ ಕಟ್ಟುತ್ತಿದ್ದರು. ಎಲ್ಲವೂ ಅಳಿಯುತ್ತದೆ ಎಂಬುದನ್ನು ನೆಮ್ಮದಿಯಿಂದ ಒಪ್ಪಬೇಕಾದರೆ, ಮರಳಿ ಕಟ್ಟಲು ಕಾಲಡಿ ಜಾಗವಿರಬೇಕು. ಯಾಂಗಾದವರಿಂದ ಕಿತ್ತುಕೊಂಡದ್ದು ಆ ಜಾಗವನ್ನೇ.

ಟೋಂಗ್ವಾ ಜನ ಅಳಿದಿಲ್ಲ. ಅದೇ ನಗರದಲ್ಲಿ ಬದುಕುತ್ತಿದ್ದಾರೆ. ಹಿರಿಯರ ನುಡಿಯನ್ನು ಮತ್ತೆ ಕಲಿಯುತ್ತಿದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯ 1994ರಲ್ಲಿ ಅವರನ್ನು ಗುರುತಿಸಿತು. ಅಮೆರಿಕದ ಕೇಂದ್ರ ಸರ್ಕಾರ ಇನ್ನೂ ಗುರುತಿಸಿಲ್ಲ. 2022ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾದಲ್ಲಿ ಒಂದು ಎಕರೆ ನೆಲ ಅವರಿಗೆ ಮರಳಿ ಬಂತು.

ನಮ್ಮದು ಹೋದಾಗ ಎಲ್ಲವೂ ಅನಿತ್ಯ ಎಂದುಕೊಳ್ಳೋಣ. ಇನ್ನೊಬ್ಬರದು ಹೋದಾಗ, ಯಾರು ಒಯ್ದರು ಎಂದು ಮೊದಲು ಕೇಳೋಣ.