ಕೊಂಬೆಯ ಯಾವ ಕಡೆ ಕೂರಬೇಕು

ಹಳ್ಳಿಗಳಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ನಾನು. ಕುರುಕ್ಷೇತ್ರ ಎಷ್ಟು ಸಲ ಕಲಿಸಿದ್ದೇನೋ ಲೆಕ್ಕವಿಲ್ಲ. ಕಾಳಿದಾಸ ಮಾತ್ರ ಮೂರೇ ಸಲ. ದುರ್ಯೋಧನನ ಪಾರ್ಟಿಗೆ ದುಡ್ಡು ಕೊಟ್ಟು ಬರುವವರು ಎಷ್ಟೋ ಜನ ಇದ್ದಾರೆ. ಅರ್ಧ ರಾತ್ರಿಯವರೆಗೆ ಪೆದ್ದನಾಗಿ ಊರವರ ಕೈಲಿ ನಗಿಸಿಕೊಳ್ಳಬೇಕು ಎಂದರೆ ಯಾರು ಬರುತ್ತಾರೆ?

ಕಥೆ ಎಲ್ಲರಿಗೂ ಗೊತ್ತು. 1955ರಲ್ಲಿ ಹೊನ್ನಪ್ಪ ಭಾಗವತರು ಅದನ್ನು ಸಿನಿಮಾ ಮಾಡಿದರು, 1983ರಲ್ಲಿ ರಾಜ್‌ಕುಮಾರ್ ಕಂಬಳಿ ಹೊದ್ದು ನಿಂತ ಮೇಲಂತೂ ಮಕ್ಕಳಿಗೂ ಬಾಯಿಪಾಠ. ಸೊಕ್ಕಿನ ರಾಜಕುಮಾರಿ, ಅವಳೆದುರು ಸೋತು ಉರಿದುಕೊಂಡ ಪಂಡಿತರು, ಕೂತ ಕೊಂಬೆಯನ್ನೇ ಕಡಿಯುತ್ತಿದ್ದ ಕುರುಬ, ಬೆರಳುಸನ್ನೆಯ ವಾದ, ಮೋಸದ ಮದುವೆ. ಆಮೇಲೆ ಕಾಳಿ ಗುಡಿ, ನಾಲಿಗೆಯ ಮೇಲೆ ಅಕ್ಷರ. ಎದ್ದವನೇ ಶ್ಯಾಮಲಾ ದಂಡಕ ಹಾಡುತ್ತಾನೆ.

ಆ ಕಾಳಿ ಸೀನಿನಲ್ಲಿ ಲೈಟು ಆರಿಸುತ್ತಾರೆ. ನಾನು ಒಂದೂವರೆ ನಿಮಿಷ ಪೆಟ್ಟಿಗೆ ನುಡಿಸಬೇಕು. ಅಷ್ಟರಲ್ಲಿ ಪೆದ್ದ ಮಹಾಕವಿ ಆಗಬೇಕು. ಸೈಡ್‌ವಿಂಗಿನಲ್ಲಿ ಕಂಬಳಿ ಬಿಚ್ಚಿ ಜರಿ ಶಲ್ಯ ಹೊದೆಯಲು ಬೇಕಾಗುವ ಹೊತ್ತು ಅದು.

ಕಲಿಸುವವನಿಗೆ ನಿಜವಾದ ಕಷ್ಟ ಇರುವುದು ಅದಕ್ಕೆ ಮೊದಲು. ಪೆದ್ದನ ಹಾಡು ಅಪಶ್ರುತಿಯಲ್ಲಿರಬೇಕು. ಶ್ರುತಿಜ್ಞಾನವೇ ಇಲ್ಲದವನು ಹಾಡಿದರೆ ಜನ ನಗುವುದಿಲ್ಲ, ಬೀಡಿ ಹಚ್ಚಲು ಎದ್ದು ಹೋಗುತ್ತಾರೆ. ಕಪ್ಪು ಎರಡರ ಷಡ್ಜ ಎಲ್ಲಿ ಕೂತಿದೆ ಎಂದು ಕೂದಲೆಳೆಯಷ್ಟು ಖಚಿತವಾಗಿ ಗೊತ್ತಿರುವವನೇ ಅದರಿಂದ ಬೇಕಾದಷ್ಟು ಮಾತ್ರ ಜಾರಬಲ್ಲ. ಮೊದಲ ಎರಡು ಸಲ ಪಾರ್ಟು ಹಿಡಿದವರಿಗೆ ದಂಡಕ ಒಂದು ತಿಂಗಳಲ್ಲಿ ಬಂತು. ಪೆದ್ದನ ಹಾಡಿಗೆ ಮೂರು ತಿಂಗಳು ಹಿಡಿಯಿತು.

ಮೂರನೇ ಸಲದವನು ನಿಜವಾಗಿಯೂ ಕುರಿ ಕಾಯುವ ಹುಡುಗ. ಶಾಲೆ ಎಂಟನೇ ಕ್ಲಾಸಿಗೇ ಮುಗಿದಿತ್ತು. ಬಯಲಲ್ಲಿ ಕುರಿ ಕೂಗಿ ಕೂಗಿ ಅವನ ಗಂಟಲಿಗೆ ಪಂಚಮ ತಾನಾಗಿ ನಿಲ್ಲುತ್ತಿತ್ತು. ಕೊಂಬೆಯ ಸೀನು ಪ್ರಾಕ್ಟೀಸು ಮಾಡಿಸುವಾಗ ಮಾತ್ರ ಪ್ರತಿ ಸಲವೂ ತಪ್ಪುತ್ತಿದ್ದ. ಬೆಂಚಿನ ಮೇಲೆ ಹತ್ತಿದವನು ಬುಡದ ಕಡೆಗೇ ಕೂರುತ್ತಿದ್ದ. ನಾನು ಎದ್ದು ಹೋಗಿ ಭುಜ ಹಿಡಿದು ತುದಿಗೆ ಸರಿಸುತ್ತಿದ್ದೆ. ನಾಲ್ಕನೇ ದಿನ ಕೇಳಿಯೇಬಿಟ್ಟ.

“ಮೇಷ್ಟ್ರೇ, ಈ ಸೀನು ಬರೆದೋರು ಯಾವತ್ತಾರ ಕುರಿಗೆ ಸೊಪ್ಪು ಕಡಿದಿದ್ರಾ?”

“ಯಾಕಪ್ಪ?”

“ನಮ್ಮಟ್ಟಿ ಮಗೂಗೂ ಗೊತ್ತು ಎಲ್ ಕೂತ್ಕಂಡು ಕಡೀಬೇಕು ಅಂತ. ಹಿಂಗ್ ಕಡಿಯೋನ ಕೈಗೆ ಮಚ್ಚು ಕೊಡ್ತಾರಾ? ಅವ್ನ್ ನಂಬ್ಕಂಡು ಕುರಿ ಬಿಡ್ತಾರಾ?”

“ನಾಟಕ ಕಣಪ್ಪ, ಕೂತ್ಕೋ” ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ದೇವಿಯನ್ನು ನಂಬಿದವನು. ಊದುಬತ್ತಿ ಹಚ್ಚದೆ ಪೆಟ್ಟಿಗೆ ಮುಟ್ಟುವುದಿಲ್ಲ. ಆದರೆ ಇಷ್ಟು ವರ್ಷ ನುಡಿಸಿದ ನನಗೆ ಹೊಳೆಯದ್ದು ಆ ಹುಡುಗನಿಗೆ ಕಂಡಿತ್ತು. ಕಾಳಿ ದೊಡ್ಡವಳಾಗಲಿ ಎಂದು ಕಥೆ ಕುರುಬನ ಕೈಯಲ್ಲಿದ್ದುದನ್ನೆಲ್ಲ ಕಿತ್ತುಕೊಂಡಿದೆ. ಅವನ ಕಸುಬನ್ನೂ ಬಿಟ್ಟಿಲ್ಲ. ಕೃಪೆ ಬೀಳಬೇಕಾದರೆ ಪಾತ್ರೆ ಖಾಲಿಯೇ ಇರಬೇಕೇ?

ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಸಂಸ್ಕೃತ ಪಾಠಶಾಲೆಗೆ ಹಾಕಿದ್ದರು. ನಿಂತದ್ದು ನಾಲ್ಕೇ ವರ್ಷ, ಆದರೂ ದಂಡಿಯ ಕಾವ್ಯಾದರ್ಶ ಅಷ್ಟಿಷ್ಟು ತಲೆಯಲ್ಲಿ ಉಳಿದಿದೆ. ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಓದು, ಬಿಡದ ಅಭ್ಯಾಸ, ಈ ಮೂರೂ ಕಾವ್ಯಕ್ಕೆ ಬೇಕು ಎನ್ನುತ್ತಾನೆ ಅವನು. ಪ್ರತಿಭೆ ಇಲ್ಲದವನೂ ಓದಿ, ದುಡಿದು ವಾಗ್ದೇವಿಯ ಸೇವೆ ಮಾಡಿದರೆ ಅವಳು ಅಷ್ಟಾದರೂ ದಯೆ ತೋರಿಯೇ ತೋರುತ್ತಾಳೆ ಎಂದೂ ಹೇಳುತ್ತಾನೆ. ಮಮ್ಮಟ ಇನ್ನೂ ಬಿಗಿ: ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಸೇರಿ ಒಂದೇ ಕಾರಣ, ಮೂರು ಬೇರೆ ಬೇರೆ ಕಾರಣಗಳಲ್ಲ. ಇವರ ಲೆಕ್ಕದಲ್ಲಿ ಒಂದೂವರೆ ನಿಮಿಷಕ್ಕೆ ಜಾಗವೇ ಇಲ್ಲ. ಕವಿರಾಜಮಾರ್ಗ ದಂಡಿಗೆ ತುಂಬಾ ಋಣಿ, ಆದರೆ ಒಂದು ಕಡೆ ಅವನನ್ನು ಬಿಟ್ಟು ನಮ್ಮವರ ಪರ ನಿಲ್ಲುತ್ತದೆ: ಈ ನಾಡಿನ ಜನ ಪಟ್ಟು ಹಿಡಿದು ಓದದೆಯೂ ಕಾವ್ಯ ಬಲ್ಲವರು ಎಂದು. ಹುಡುಗನಿಗೆ ಇದನ್ನು ಹೇಳಿದೆ. “ಅದ್ ಸರಿಯಾಗೈತೆ” ಎಂದ, ನನ್ನ ಪಾಠಕ್ಕೆ ಮಾರ್ಕು ಹಾಕಿದ ಹಾಗೆ.

ನಿಜವಾದ ಕಾಳಿದಾಸ ಕುರುಬನಾಗಿದ್ದ ಎಂದು ನಾನು ವಾದಿಸುತ್ತಿಲ್ಲ. ಐಹೊಳೆಯ ಮೇಗುತಿ ಬಸದಿಯಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಅವನು ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಎಂದು ಹೇಳಿಕೊಂಡಿದ್ದಾನೆ. ಅಲ್ಲಿ ಪೆದ್ದನೂ ಇಲ್ಲ, ಕೊಂಬೆಯೂ ಇಲ್ಲ. ಆದರೂ ಕಥೆಯನ್ನೇ ನಂಬೋಣ. ಮೇಘದೂತದ ಮೋಡ ರಾಮಗಿರಿಯಿಂದ ಅಲಕಾಪುರಿಯವರೆಗೆ ಹೋಗುವಾಗ ಯಾವ ಹೊಳೆಯಲ್ಲಿ ನೀರು ಕುಡಿಯುತ್ತದೆ, ಎಲ್ಲಿ ಸುರಿದು ಹಗುರಾಗುತ್ತದೆ, ಉತ್ತ ಹೊಲ ಹೇಗೆ ಘಮ್ಮೆನ್ನುತ್ತದೆ ಎಂಬುದೆಲ್ಲ ಇದೆ. ಇದು ದಿನವೆಲ್ಲ ಬಯಲಲ್ಲಿ ಕುರಿಯ ಹಿಂದೆ ನಿಂತು ಆಕಾಶ ನೋಡಿದವನ ತಿಳಿವಳಿಕೆ. ಕಾಳಿ ಬರೆದದ್ದು ನಾಲಿಗೆಯ ಮೇಲೆ. ಕಣ್ಣು ಮೊದಲಿಂದಲೂ ಅವನದೇ.

ನಾಟಕದ ರಾತ್ರಿ ಏಣಿಗೆ ಹೊಂಗೆ ಕೊಂಬೆ ಕಟ್ಟಿದ್ದರು. ಹುಡುಗ ಮಚ್ಚು ಹಿಡಿದು ಹತ್ತಿದ, ಒಂದು ಗಳಿಗೆ ನನ್ನ ಕಡೆ ನೋಡಿದ, ಬುಡದ ಕಡೆ ಕೂತ. ಎರಡೇ ಏಟಿಗೆ ತುದಿ ಕೆಳಗೆ ಬಿತ್ತು, ಸೊಪ್ಪು ಸಮೇತ. ಅಷ್ಟರಲ್ಲಿ ಪಂಡಿತರ ಪಾರ್ಟಿನವರು ಒಳಗೆ ಬಂದರು. ಅವರಿಗೆ ಬಾಯಿಪಾಠ ಮಾಡಿಸಿದ್ದು ಒಂದೇ ಮಾತು. ಅದನ್ನೇ ಹೇಳಿದರು: ಆಹಾ, ಕೂತ ಕೊಂಬೆಯನ್ನೇ ಕಡಿಯುತ್ತಿರುವ ಮೂರ್ಖ ಸಿಕ್ಕ!

ಮುಂದೆ ಚಾಪೆ ಹಾಸಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಹಟ್ಟಿಯವರು. ಮೊದಲು ಒಬ್ಬ ಮುದುಕ ನಕ್ಕ, ಆಮೇಲೆ ಇಡೀ ಊರೇ ಪಂಡಿತರನ್ನು ನೋಡಿ ನಕ್ಕಿತು. ಜರಿಪೇಟದ ಪಂಡಿತ ಮುಂದಿನ ಮಾತು ಮರೆತು ನನ್ನತ್ತ ತಿರುಗಿದ. ನಾನು ತಲೆ ಎತ್ತದೆ ಪೆದ್ದನ ಹಾಡಿಗೆ ಶ್ರುತಿ ಕೊಟ್ಟೆ.