ವಿದ್ಯಾರ್ಥಿಯ ಮನಃಕ್ಲೇಶವೂ ಗೃಹಸ್ಥನ ಧರ್ಮವೂ

ಬಿನ್ನಿಪೇಟೆಗೆ ಹೆಸರು ತಂದ ಬಟ್ಟೆಯ ಗಿರಣಿ ನಿಂತುಹೋಗಿದೆ. ಅದರ ನೆಲದಲ್ಲಿ ಬಹು ಅಂತಸ್ತಿನ ಮನೆಗಳೆದ್ದಿವೆ. ಸುತ್ತಲಿನ ಬೀದಿಗಳಲ್ಲಿ ಪರಸ್ಥಳದಿಂದ ಓದಲು ಬಂದ ಹುಡುಗ ಹುಡುಗಿಯರು ಬಾಡಿಗೆಗೆ ಕೋಣೆ ಹಿಡಿದಿರುತ್ತಾರೆ. ತಿಂಗಳಿಗೊಮ್ಮೆ ಹಣ ಸಲ್ಲುತ್ತದೆ. ಅದರಾಚೆಗೆ ಮನೆಯ ಯಜಮಾನನಿಗೂ ಅವರಿಗೂ ಮಾತು ಕಡಮೆ. ಇಂಥವರಲ್ಲೊಬ್ಬನು ಊಟ ಬಿಟ್ಟು, ಕಾಲೇಜು ಬಿಟ್ಟು, ಹಗಲಿನಲ್ಲಿಯೂ ಕದವಿಕ್ಕಿಕೊಂಡು ಮಲಗಿದರೆ, ವಿಚಾರಿಸುವ ಅಧಿಕಾರ ನಮಗುಂಟೆ? ಪರರ ವಿಷಯದಲ್ಲಿ ತಲೆಹಾಕಿದಂತೆ ಆಗಲಾರದೆ?

ವಾರಾನ್ನದ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಬಡ ವಿದ್ಯಾರ್ಥಿಯು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಣ್ಣುತ್ತಿದ್ದನು. ಬಾರದ ದಿನ ಅವನ ಎಲೆ ಬರಿದಾಗಿ ಕಾಣುತ್ತಿತ್ತು, “ಏಕಪ್ಪಾ ಬರಲಿಲ್ಲ?” ಎಂದು ಮನೆಯಾಕೆ ಕೇಳದೆ ಬಿಡುತ್ತಿರಲಿಲ್ಲ. ಇದನ್ನು ನೆನೆದು ಹಳೆಯ ಕಾಲವೇ ಲೇಸೆಂದು ಹೊಗಳುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಬಡಿಸಿದ ಕೈಯೇ ಅಂಕಗಳನ್ನೂ ಎಣಿಸುತ್ತಿತ್ತು, ನಡತೆಯನ್ನೂ ತೂಗುತ್ತಿತ್ತು. ಜಾತಿಯನ್ನಂತೂ ಮೊದಲೇ ನೋಡಿರುತ್ತಿತ್ತು. ಅನ್ನದ ಋಣದಲ್ಲಿದ್ದವನು ದುಃಖವನ್ನು ನುಂಗಿ ನಗಬೇಕಾಗಿದ್ದುದೂ ಉಂಟು.

ಋಣ ಹೊರಿಸದೆ ಹತ್ತಿರವಿರುವುದು ಅಸಾಧ್ಯವೇನಲ್ಲ. 1972ರಿಂದ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಹೆಚ್. ನರಸಿಂಹಯ್ಯನವರು ತಮ್ಮ ಬಾಳಿನ ಬಹುಭಾಗವನ್ನು ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ, ಹುಡುಗರ ನಡುವೆಯೇ ಕಳೆದರು. ಎಲ್ಲರೂ ಅವರಂತಾಗಲಾರೆವು, ಬಾಗಿಲು ತಟ್ಟಿ “ಊಟವಾಯಿತೆ?” ಎಂದು ಕೇಳಬಲ್ಲೆವು.

ಕಠಿನವಾದ ಗಂಟು ಆಮೇಲಿನದು. ಬಾಗಿಲು ತೆರೆದ ಹುಡುಗನು, “ಅಪ್ಪನಿಗೆ ತಿಳಿಸುವುದಿಲ್ಲವೆಂದು ಮಾತು ಕೊಡಿ, ಆಗ ಹೇಳುತ್ತೇನೆ” ಎನ್ನುತ್ತಾನೆ. ಕೊಡಬಹುದೆ? 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯು ಚಿಕಿತ್ಸಕರಿಗೆ ಒಂದು ಗೆರೆ ಎಳೆದಿದೆ: ಗುಟ್ಟನ್ನು ಕಾಯತಕ್ಕದ್ದು, ಪ್ರಾಣಾಪಾಯವನ್ನು ತಪ್ಪಿಸಲು ಎಷ್ಟು ಅವಶ್ಯಕವೋ ಅಷ್ಟನ್ನು ಮಾತ್ರ ಹೊರಗೆ ಹೇಳಬಹುದು. ಗೃಹಸ್ಥನಿಗೂ ಇದೇ ಅಳತೆ ಸಾಕೆಂದು ನನಗೆ ತೋರುತ್ತದೆ. ಪರೀಕ್ಷೆಯಲ್ಲಿ ನಪಾಸಾದುದು, ಪ್ರೇಮ ಮುರಿದುದು, ತಂದೆ ಆರಿಸಿದ ವಿಷಯವೇ ರುಚಿಸದುದು, ಇವು ಅವನ ಸ್ವತ್ತು; ಊರಿಗೆ ಫೋನು ಮಾಡಿ ಒಪ್ಪಿಸುವುದು ನಮ್ಮ ಕೆಲಸವಲ್ಲ. ಪ್ರಾಣದ ಮಾತು ಬೇರೆ. ಅದನ್ನು ಅವನು ಬಾಯಿ ತೆರೆಯುವ ಮುನ್ನವೇ ತಿಳಿಸಬೇಕು: “ನಿನ್ನ ಜೀವಕ್ಕೆ ಅಪಾಯವೆನಿಸಿದರೆ ನಾನು ಸುಮ್ಮನಿರಲಾರೆ, ಆಗಲೂ ಮೊದಲು ನಿನಗೆ ಹೇಳಿಯೇ ಮುಂದಿನ ಮಾತು.” ಇದನ್ನು ಕೇಳಿ ಕೆಲವರು ಮತ್ತೆ ಕದ ಮುಚ್ಚಿಯಾರು. ಆದರೆ ಕೊಟ್ಟ ಮಾತನ್ನು ಮುರಿದರೆ, ಅವರು ಇನ್ನಾರ ಬಳಿಗೂ ಹೋಗಲಾರರು.

ಸಾಯುವ ಯೋಚನೆ ಬರುತ್ತದೆಯೆ ಎಂದು ಕೇಳಿದರೆ ಆ ಯೋಚನೆಯನ್ನೇ ಬಿತ್ತಿದಂತೆ ಎಂದು ಹೆದರುವವರುಂಟು. ಮೃದುವಾಗಿ, ನೇರವಾಗಿ ಕೇಳುವುದರಿಂದ ಹಾಗಾಗದೆಂಬುದು ಮನೋವೈದ್ಯರ ಅಭಿಪ್ರಾಯ. ಉತ್ತರ ಕೇಳಿ ನಮಗೇ ದಿಕ್ಕು ತೋರದಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. 14416 ಸಂಖ್ಯೆಗೆ ಹಗಲಿರುಳೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಕೂಡ ಬಿನ್ನಿಪೇಟೆಗೆ ಬಹಳ ದೂರವಲ್ಲ. ಹುಡುಗನೊಡನೆ ಆಟೋದಲ್ಲಿ ಕುಳಿತು ಹೋಗಿ, ಚೀಟಿಯ ಸಾಲಿನಲ್ಲಿ ನಿಲ್ಲುವಷ್ಟು ಪುರುಸೊತ್ತು ನಮಗಿರಬೇಕು. ಅಲ್ಲಿ ಕಾದಿರುವಾಗ ಅಂಕಪಟ್ಟಿಯ ಮಾತನ್ನು ಎತ್ತದಿದ್ದರೆ ಇನ್ನೂ ಒಳ್ಳೆಯದು.