ಸ್ವೆಟರ್ ಯಾರದು, ಮುಖ ಯಾರದು

ಕೂಸಿಗೆಂದು ಹೆಣೆದ ಸ್ವೆಟರಿಗೆ ಆಯುಷ್ಯ ಕಡಿಮೆ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಇಮ್ಮಡಿಯಾಗಿ, ವರ್ಷ ತುಂಬುವಾಗ ಮೂರು ಪಟ್ಟಾಗುವ ಮೈ ಅದು. ಎಷ್ಟು ಸಡಿಲ ಬಿಟ್ಟು ಹೆಣೆದರೂ ಒಂದು ಚಳಿಗಾಲ ದಾಟುವುದು ಕಷ್ಟ. ಆಮೇಲೆ ಅದು ಪೆಟ್ಟಿಗೆ ಸೇರುತ್ತದೆ, ಇಲ್ಲವೇ ಇನ್ನೊಂದು ಮನೆಯ ಕೂಸಿಗೆ ಹೋಗುತ್ತದೆ. ಇಷ್ಟು ಬೇಗ ಮರೆಯಾಗುವುದರದ್ದೊಂದು ಫೋಟೊ ಇರಲಿ ಎಂದು ಹೆಣೆದವರಿಗೆ ಅನಿಸಿದರೆ ತಪ್ಪು ಹುಡುಕಬೇಕಿಲ್ಲ. ಆದರೆ ಕೈಹೆಣಿಗೆಯ ಇಂದಿನ ಲೋಕದಲ್ಲಿ ಫೋಟೊ ಮಾಡುವುದು ನೆನಪಿನ ಕೆಲಸವನ್ನಷ್ಟೇ ಅಲ್ಲ. ಹೆಣಿಗೆಯವರ ಜಾಲತಾಣವಾದ ರಾವೆಲ್ರಿ 2007ರಲ್ಲಿ ಶುರುವಾಯಿತು, ಹಿಂದೆಯೇ ಇನ್‌ಸ್ಟಾಗ್ರಾಂ ಬಂತು. ಈಗ ಮಗುವಿನ ಸ್ವೆಟರ್ ಎಂದರೆ ಅದನ್ನು ತೊಟ್ಟು ನಗುತ್ತಿರುವ ಮಗು ಎಂದೇ ಆಗಿಬಿಟ್ಟಿದೆ. ವಿನ್ಯಾಸ ಮಾರುವವರಿಗೆ ಅದು ಜಾಹೀರಾತು, ಸುಮ್ಮನೆ ಸಂತೋಷಕ್ಕೆ ಹೆಣೆಯುವವರಿಗೆ ಮೆಚ್ಚುಗೆಯ ದಾರಿ. ಸ್ವೆಟರ್ ಹೆಣೆದವಳದು, ಅದರಲ್ಲಿ ತಕರಾರಿಲ್ಲ. ಮುಖ ಯಾರದು? ಮೇಲ್ನೋಟಕ್ಕೆ ಇದು ಶಿಷ್ಟಾಚಾರದ ಪ್ರಶ್ನೆಯಂತೆ ಕಂಡರೂ ಬೇರಿನಲ್ಲಿ ಧರ್ಮದ ಪ್ರಶ್ನೆ: ನಮ್ಮ ಕೈಯಲ್ಲಿರುವುದೆಲ್ಲ ನಮ್ಮದೇ?

ಹೆಣಿಗೆಗೆ ಮಗುವಿನೊಡನೆ ಇರುವ ಸಂಬಂಧವನ್ನೂ ಕ್ಯಾಮೆರಾಕ್ಕೆ ಇರುವ ಸಂಬಂಧವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮನೆವಾರ್ತೆಯ ನಡುವೆ ಹೆಣಿಗೆ ಉಳಿದುಬರಲು ಒಂದು ದೊಡ್ಡ ಕಾರಣ, ಅದನ್ನು ಯಾವ ಗಳಿಗೆಯಲ್ಲಾದರೂ ಕೆಳಗಿಡಬಹುದು ಎಂಬುದು. ಕೂಸು ಅತ್ತರೆ ಕಡ್ಡಿಯನ್ನು ನೂಲುಂಡೆಗೆ ಚುಚ್ಚಿ ಎದ್ದುಹೋಗಬಹುದು. ಒಲೆಯ ಮೇಲೆ ಹಾಲು ಉಕ್ಕಿದರೂ ಅಷ್ಟೆ. ಗಂಟೆ ಕಳೆದು ಬಂದರೂ ಕುಣಿಕೆಗಳು ಇದ್ದಲ್ಲೇ ಇರುತ್ತವೆ. ಹೆಣಿಗೆ ಮಗುವಿಗಾಗಿ ಕಾಯುತ್ತದೆ, ಕ್ಯಾಮೆರಾ ಮಗುವನ್ನೇ ಕಾಯಿಸುತ್ತದೆ. ಕಿಟಕಿಯಲ್ಲಿ ಒಳ್ಳೆಯ ಬೆಳಕಿರುವಾಗಲೇ ಮಗು ಎದ್ದಿರಬೇಕು, ಹೊಟ್ಟೆ ತುಂಬಿರಬೇಕು, ಎದೆಯ ಮೇಲೆ ಜೊಲ್ಲು ಬಿದ್ದಿರಬಾರದು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿ, 48ನೇ ವಯಸ್ಸಿನಲ್ಲಿ ಮಗಳು ಕೊಟ್ಟ ಕ್ಯಾಮೆರಾ ಕೈಗೆತ್ತಿಕೊಂಡ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್, ಇಂಗ್ಲೆಂಡಿನಲ್ಲಿ ಬಂಧುಗಳ, ನೆರೆಹೊರೆಯವರ ಮಕ್ಕಳಿಗೆ ರೆಕ್ಕೆ ಕಟ್ಟಿ ದೇವದೂತರನ್ನಾಗಿ ಮಾಡಿದಳು. ಅವಳ ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ನಿಮಿಷಗಳೇ ಹಿಡಿಯುತ್ತಿದ್ದವು, ಅಷ್ಟು ಹೊತ್ತೂ ಮಕ್ಕಳು ಅಲುಗದೆ ಇರಬೇಕಿತ್ತು. ಆ ದೇವದೂತರ ಮುಖದ ಗಾಂಭೀರ್ಯದಲ್ಲಿ ಅಧ್ಯಾತ್ಮ ಎಷ್ಟೋ, ಬೇಸರ ಎಷ್ಟೋ! ಇಂದಿನ ಫೋನಿಗೆ ಚಿಟಿಕೆ ಹೊಡೆಯುವಷ್ಟೂ ಸಮಯ ಬೇಡ, ನಿಜ. ಆದರೆ ನೋಡುವ ಕಣ್ಣು ಅಂದಿನಂತೆಯೇ ಬದಲಾಗುತ್ತದೆ. ಮಗು ಯಾಕೆ ಮುಖ ತಿರುಗಿಸಿತು ಎಂದು ಕೇಳಬೇಕಾದ ಕಣ್ಣು, ಕಾಲರ್ ಸರಿಯಾಗಿ ಬಂತೇ ಎಂದು ಕೇಳತೊಡಗುತ್ತದೆ.

ಹೆಣೆಯುವ ತಾಯಿಯನ್ನು ಧರ್ಮದ ಚಿತ್ರವೊಂದು ಹೇಗೆ ಕಂಡಿದೆ ಎಂಬುದು ಇಲ್ಲಿ ನೆನಪಾಗುತ್ತದೆ. ಜರ್ಮನಿಯ ಬುಕ್ಸ್ಟೆಹೂಡೆಯ ಸನ್ಯಾಸಿನಿಯರ ಮಠಕ್ಕಾಗಿ 1400ರ ಸುಮಾರಿಗೆ ಮಾಡಿದ, ಈಗ ಹ್ಯಾಂಬರ್ಗಿನ ಕಲಾ ಸಂಗ್ರಹಾಲಯದಲ್ಲಿರುವ ಚಿತ್ರಫಲಕದಲ್ಲಿ ಮೇರಿ ಕುಳಿತು ಒಂದು ಅಂಗಿ ಹೆಣೆಯುತ್ತಿದ್ದಾಳೆ. ಸುತ್ತು ಹೆಣಿಗೆ, ಹಲವು ಕಡ್ಡಿ, ಕೆಲಸ ಕತ್ತಿನವರೆಗೆ ಬಂದಿದೆ. ಹುಲ್ಲಿನ ಮೇಲೆ ಪುಸ್ತಕ ಬಿಡಿಸಿಕೊಂಡಿರುವ ಬಾಲಯೇಸು ಹಿಂತಿರುಗಿ ನೋಡುತ್ತಿದ್ದಾನೆ. ಅಲ್ಲಿ ಶಿಲುಬೆ, ಈಟಿ, ಮೊಳೆ, ಮುಳ್ಳಿನ ಕಿರೀಟ ಹಿಡಿದ ಇಬ್ಬರು ದೇವದೂತರು. ಯೇಸುವಿನ ಅಂಗಿಗೆ ಹೊಲಿಗೆಯೇ ಇರಲಿಲ್ಲ, ಆದ್ದರಿಂದ ಸೈನಿಕರು ಅದನ್ನು ಹರಿಯದೆ ಯಾರಿಗೆಂದು ಚೀಟಿ ಹಾಕಿದರು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಸುತ್ತು ಹೆಣಿಗೆಯಲ್ಲಿ ಉಡುಪು ಹೊಲಿಗೆಯಿಲ್ಲದೆ ಬರುತ್ತದೆ ತಾನೆ. ಚಿತ್ರಕಾರ ಹುಡುಗನಿಗೆ ಆ ಅಂಗಿ ತೊಡಿಸಿ ನಿಲ್ಲಿಸಿಲ್ಲ. ತಾಯಿಯ ಕೈಯಲ್ಲಿ ಅಂಗಿಯಿದೆ, ಮಗನ ಮುಖ ಅವಳದಲ್ಲದ ನಾಳೆಯ ಕಡೆಗಿದೆ. ಇದು ಆ ಮತದವರಿಗೆ ಮಾತ್ರ ಸಲ್ಲುವ ಸತ್ಯವೆಂದು ನನಗನಿಸುವುದಿಲ್ಲ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದದ್ದರ ತಾತ್ಪರ್ಯ, ಮನುಷ್ಯನನ್ನು ಬರೀ ಸಾಧನವಾಗಿ ಎಂದೂ ಬಳಸಬಾರದು ಎಂದು. ತೂಕವಿರುವುದು ‘ಬರೀ’ ಎಂಬಲ್ಲಿ. ಯಾವ ತಾಯಿಯೂ ಮಗುವನ್ನು ಬರೀ ಬೊಂಬೆಯಾಗಿ ಕಾಣುವುದಿಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೆ ದೊಡ್ಡವರು ಸ್ವೆಟರ್ ತೊಟ್ಟು ಕ್ಯಾಮೆರಾದ ಮುಂದೆ ನಿಂತಾಗ ಬರೀ ಸಾಧನವಾಗದಿರುವುದು ಅವರ ಒಪ್ಪಿಗೆಯಿಂದ. ಮಗುವಿನ ಪರವಾಗಿ ತಾಯಿತಂದೆ ಒಪ್ಪುತ್ತಾರೆ, ಚಿತ್ರದ ಲಾಭವೂ ಅವರಿಗೇ. ಕೇಳುವವರೂ ಒಪ್ಪುವವರೂ ಒಬ್ಬರೇ ಆದರೆ ಅದನ್ನು ಒಪ್ಪಿಗೆ ಎನ್ನುವುದು ಹೇಗೆ? ಕಾನೂನು ಇಲ್ಲಿ ತಡವರಿಸುತ್ತಿದೆ. ನಮ್ಮ 2023ರ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ 18 ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಫ್ರಾನ್ಸ್ 2024ರ ಫೆಬ್ರವರಿಯಲ್ಲಿ ಮಗುವಿನ ಚಿತ್ರದ ಹಕ್ಕನ್ನು ಹೆತ್ತವರೇ ಕಾಯಬೇಕೆಂದು ಕಾನೂನು ಮಾಡಿತು. ಇದಕ್ಕಿಂತ ಸ್ಪಷ್ಟವಾದ ಮಾತು ನಮ್ಮ ಹಳೆಯ ಕಾಯ್ದೆಯಲ್ಲಿದೆ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವದ ಕಾಯ್ದೆಯಂತೆ, ಮಗುವಿನ ಸ್ವಂತ ಹೆಸರಿನಲ್ಲಿರುವ ಜಮೀನನ್ನು ಹೆತ್ತವರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಎರಡು ಗುಂಟೆ ನೆಲಕ್ಕೆ ಇಷ್ಟು ಕಾವಲಿದೆ. ಮುಖವನ್ನು ಊರಿಗೆಲ್ಲ ಹಂಚಲು ಬೆರಳ ತುದಿ ಸಾಕು, ಹಂಚಿದ್ದನ್ನು ವಾಪಸು ತರಲು ಯಾವ ನ್ಯಾಯಾಲಯದಿಂದಲೂ ಆಗದು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಬೇರೆ. ಮನೆಯೊಳಗಿನ ಹೆಣ್ಣಿನ ದುಡಿಮೆ ಯಾರ ಕಣ್ಣಿಗೂ ಬೀಳದ್ದು. ಮಗು ಮಲಗಿದ ಮೇಲೆ ಸಾಲುಸಾಲಾಗಿ ಹೆಣೆದದ್ದಕ್ಕೆ ಫೋಟೊದಿಂದ ಕೊನೆಗೂ ನಾಲ್ಕು ಜನರ ಮೆಚ್ಚುಗೆ, ನಾಲ್ಕು ಕಾಸು ಬರುವಾಗ ನೀತಿ ಹೇಳಲು ಬರುವುದು ಗಂಡಸರ ಹಳೆಯ ಚಾಳಿಯಲ್ಲವೇ? ಈ ಮಾತನ್ನು ತಳ್ಳಿಹಾಕಲಾಗದು. ಉತ್ತರಕ್ಕೆ ನಾನು ಹೋಗುವುದು 12ನೇ ಶತಮಾನದ ಹೆಂಗಸೊಬ್ಬಳ ಬಳಿಗೇ. ಬಿದ್ದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲೇ ಸುರಿದುಬರಲು ಕಳಿಸಿದಳು. ಅಕ್ಕಿ ಆಯುವುದು ತಪ್ಪೆಂದು ಅವಳು ಹೇಳಲಿಲ್ಲ. ಅಳತೆ ಮೀರಿದ್ದನ್ನು ಹೇಳಿದಳು. ಸ್ವೆಟರ್ ಕಾಯಕದ ಫಲ, ಅದನ್ನು ತೋರಿಸಲಿ, ಮಾರಲಿ, ಹೆಸರು ಪಡೆಯಲಿ. ಮುಖ ಆ ಕಾಯಕದಿಂದ ಹುಟ್ಟಿದ್ದಲ್ಲ, ಅದು ಹೆಚ್ಚಿನ ಅಕ್ಕಿ. ಬೆನ್ನಿನ ಜಡೆಹೆಣಿಗೆ, ತೋಳಿನ ಅಂಚು, ಗುಂಡಿಯ ಪಟ್ಟಿ, ತಂತಿಯ ಮೇಲೆ ಒಣಗುತ್ತಿರುವ ಪುಟ್ಟ ಟೋಪಿ, ಇಷ್ಟರಿಂದಲೇ ಕೈಯ ಹದ ಬಲ್ಲವರಿಗೆ ತಿಳಿಯುತ್ತದೆ. ಮುಖವಿಲ್ಲದಿದ್ದರೆ ಮಾರಾಟ ಇಳಿಯುತ್ತದೆ ಎನ್ನುವವರು, ತಾವು ಮಾರುತ್ತಿರುವುದು ಯಾವುದನ್ನು ಎಂದು ಹೇಳಿಬಿಟ್ಟ ಹಾಗಾಯಿತು.

ಇನ್ನು, ಅಷ್ಟಮಿಗೆ ಕೃಷ್ಣನ ವೇಷ ಹಾಕಿ ಸ್ಟುಡಿಯೋಕ್ಕೆ ಕರೆದೊಯ್ದ ಕಾಲದಿಂದ ಎಲ್ಲರೂ ಇದನ್ನೇ ಮಾಡಿಲ್ಲವೇ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಆ ಚಿತ್ರ ನಡುಮನೆಯ ಗೋಡೆಯಲ್ಲಿ ಉಳಿಯುತ್ತಿತ್ತು, ನೋಡುವವರು ಹೊಸಿಲು ದಾಟಿ ಬಂದವರು. ಕೂಸನ್ನು ಕಂಡಕಂಡವರಿಗೆ ತೋರಿಸಬಾರದೆಂಬ ಹಿರಿಯರ ದೃಷ್ಟಿಯ ಭಯವನ್ನು ನಾನು ನಂಬುವುದಿಲ್ಲ. ಆದರೂ ಕೆನ್ನೆಯ ಮೇಲೆ ದೃಷ್ಟಿಬೊಟ್ಟಿಟ್ಟು ಅಂದವನ್ನು ಬೇಕೆಂದೇ ಒಂದಿಷ್ಟು ಕೆಡಿಸಿದ ಕೈಗೆ, ಫಿಲ್ಟರ್ ಹಾಕಿ ಇದ್ದ ಕಲೆಯನ್ನೂ ಅಳಿಸುವ ಕೈಗೆ ತಿಳಿಯದ ಏನೋ ತಿಳಿದಿತ್ತು.

ಫೋಟೊ ತೆಗೆಯಬೇಡಿ ಎಂಬುದು ನನ್ನ ವಾದವಲ್ಲ. ತೆಗೆಯಿರಿ, ಬೇಕಾದಷ್ಟು ತೆಗೆಯಿರಿ. ಮುಖವಿರುವುದನ್ನು ಮಗು ಬೆಳೆದು ಕೇಳುವವರೆಗೆ ಮನೆಯಲ್ಲೇ ಇಡಿ. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ ಫೋಟೊದ ಬಗ್ಗೆ ಬರೆದ ಕೊನೆಯ ಪುಸ್ತಕ 1980ರಲ್ಲಿ ಬಂತು. ಅದರ ಅರ್ಧದಷ್ಟು ಮಾತು ಸುತ್ತುವುದು ಒಂದೇ ಚಿತ್ರವನ್ನು: ತೀರಿಹೋದ ಅವನ ತಾಯಿ ಐದು ವರ್ಷದ ಹುಡುಗಿಯಾಗಿದ್ದಾಗಿನದು. ಪುಸ್ತಕದಲ್ಲಿ ಬೇರೆ ಫೋಟೊಗಳು ಎಷ್ಟೋ ಇವೆ. ಅದೊಂದನ್ನು ಅವನು ಅಚ್ಚು ಹಾಕಿಸಲಿಲ್ಲ.